ಹಸ್ತವೈದ್ಯನ ಅಭ್ಯಾಸವೂ ಅಹಿಂಸೆಯೂ

ಚಿಕ್ಕೋಡಿ ತಾಲ್ಲೂಕಿನ ಒಂದು ಹಳ್ಳಿಯ ಬಸದಿಯಲ್ಲಿ, ಅಭಿಷೇಕದ ವೇಳೆ ಕಲಶವನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಮೊಂಡು ಅಂಚನ್ನು ಅದಕ್ಕೆ ಆನಿಸಿಕೊಂಡು ನಿಲ್ಲುವ ಶ್ರಾವಕರೊಬ್ಬರಿದ್ದಾರೆ. ಅವರ ಬಲಗೈಯಲ್ಲಿ ಹೆಬ್ಬೆರಳು ಮಾತ್ರ ಉಳಿದಿದೆ. ಮಿಕ್ಕ ನಾಲ್ಕು ಬೆರಳುಗಳು ಆಲೆಮನೆಯ ಗಾಣದ ಪಾಲಾದವು. ಆ ರಾತ್ರಿ ಅವರನ್ನು ಸಾಗಿಸಿದ್ದ ಊರಿನ ವೈದ್ಯರು ಜೀವ ಉಳಿಸಿದರು, ಗಾಯ ಹೊಲಿದರು. ಅದಕ್ಕಿಂತ ಹೆಚ್ಚಿನದನ್ನು ಅವರಿಂದ ಯಾರೂ ನಿರೀಕ್ಷಿಸಿರಲಿಲ್ಲ. ಅಂದು ಎಂಟು ವರ್ಷದವನಾಗಿದ್ದ ಸೋದರಳಿಯನು ಕೈ ಮುಗಿಯುವಾಗಲೆಲ್ಲ ಮಾವನ ಕೈಗಳನ್ನು ಕದ್ದು ನೋಡುತ್ತಿದ್ದನು. ಎರಡು ಅಂಗೈಗಳು ಕೂಡಿದರೂ ಅಂಜಲಿ ಪೂರ್ಣವಾಗುತ್ತಿರಲಿಲ್ಲ. ಆ ಬಾಲಕನು ಮುಂದೆ ವೈದ್ಯನಾದನು, ಅಸ್ಥಿ ಶಸ್ತ್ರಚಿಕಿತ್ಸೆಯಲ್ಲಿ ಎಂ.ಎಸ್. ಪದವಿ ಪಡೆದನು, ಅದೂ ಸಾಲದೆಂದು ಹಸ್ತದ ಶಸ್ತ್ರಚಿಕಿತ್ಸೆಯನ್ನೇ ವಿಶೇಷವಾಗಿ ಕಲಿಯಲು ದಕ್ಷಿಣದ ಒಂದು ನಗರಕ್ಕೆ ಹೊರಟನು. ಅಲ್ಲಿ ಆತನಿಗೆ ಎದುರಾದ ಪ್ರಶ್ನೆ ವೈದ್ಯಶಾಸ್ತ್ರದ್ದಾಗಿರಲಿಲ್ಲ.

ಕೈಗೆಂದೇ ಬೇರೊಬ್ಬ ವೈದ್ಯನು ಏಕೆ ಎಂದು ಕೇಳುವವರುಂಟು. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಒಂದು ಕೈಯಲ್ಲಿ 27 ಮೂಳೆಗಳಿವೆ. ಬೆರಳುಗಳನ್ನು ಮಡಿಸುವ ದೊಡ್ಡ ಸ್ನಾಯುಗಳಾವುವೂ ಬೆರಳುಗಳಲ್ಲಿಲ್ಲ. ಅವು ಮುಂಗೈಯಲ್ಲಿದ್ದು, ಉದ್ದನೆಯ ಸ್ನಾಯುರಜ್ಜುಗಳ ಮೂಲಕ, ಸೂತ್ರದ ಗೊಂಬೆಯನ್ನು ಆಡಿಸುವಂತೆ, ದೂರದಿಂದ ಬೆರಳನ್ನು ಎಳೆಯುತ್ತವೆ. ಹೆಬ್ಬೆರಳನ್ನುಳಿದು ಪ್ರತಿ ಬೆರಳಿಗೂ ಇಂಥ ಎರಡು ರಜ್ಜುಗಳು. ಬೆರಳಿನೊಳಗೆ ಒಂದು ಕಡೆ ಮೇಲಿನ ರಜ್ಜು ಎರಡಾಗಿ ಸೀಳಿ ಕೆಳಗಿನದಕ್ಕೆ ದಾರಿ ಬಿಡುತ್ತದೆ. ಇದೆಲ್ಲವೂ ಒಂದು ಕಿರಿದಾದ ಕೊಳವೆಯೊಳಗೆ ನಡೆಯುವ ವ್ಯಾಪಾರ. ಹೊಲಿಗೆ ತುಸು ದಪ್ಪವಾದರೆ ರಜ್ಜು ಕೊಳವೆಗೆ ಅಂಟಿಕೊಂಡು ಬೆರಳು ಮರಗಟ್ಟುತ್ತದೆ, ತುಸು ಸಡಿಲವಾದರೆ ಕಿತ್ತುಬರುತ್ತದೆ. ಅಂಗೈಯೊಳಗಿನ ಸಣ್ಣ ಸ್ನಾಯುಗಳ ಕೆಲಸವಂತೂ ಇನ್ನೂ ನಾಜೂಕಿನದು. ದಿಗಂಬರ ಮುನಿಗಳು ಕರಪಾತ್ರದಲ್ಲಿ ಆಹಾರ ಸ್ವೀಕರಿಸುವುದನ್ನು ಕಂಡವರು ಬೆರಳುಗಳು ಒಂದಕ್ಕೊಂದು ಬಿಗಿಯಾಗಿ ಕೂಡಿರುವುದನ್ನು ಗಮನಿಸಿರಬಹುದು. ಬೆರಳುಗಳನ್ನು ಹಾಗೆ ಕೂಡಿಸುವ ಸ್ನಾಯುಗಳಿಗೆ ಹೋಗುವ ನರವೊಂದು ಮೊಣಕೈಯ ಬಳಿ ತುಂಡಾದರೆ ಸಾಕು, ಬೊಗಸೆಯಲ್ಲಿ ನೀರು ನಿಲ್ಲುವುದಿಲ್ಲ.

ಇಷ್ಟೊಂದು ಸೂಕ್ಷ್ಮವಾದ ಅಂಗವನ್ನು ಬಹುಕಾಲ ಯಾರೂ ತಮ್ಮದೆಂದು ನೋಡಿಕೊಳ್ಳಲಿಲ್ಲವೆಂಬುದು ಸೋಜಿಗದ ಸಂಗತಿ. ಮೂಳೆಯನ್ನು ಮೂಳೆ ವೈದ್ಯರು, ಚರ್ಮವನ್ನು ಪ್ಲಾಸ್ಟಿಕ್ ಸರ್ಜನರು, ನರವನ್ನು ನರತಜ್ಞರು ನೋಡುತ್ತಿದ್ದರು. ಕೈಯನ್ನು ಕೈಯಾಗಿ ನೋಡುವವರಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಸ್ಟರ್ಲಿಂಗ್ ಬನೆಲ್ ಅವರು 1944ರಲ್ಲಿ ಹಸ್ತದ ಶಸ್ತ್ರಚಿಕಿತ್ಸೆಯನ್ನು ಕುರಿತು ಪ್ರಕಟಿಸಿದ ಬೃಹತ್ ಗ್ರಂಥವೇ ಈ ವಿದ್ಯೆಗೆ ಒಂದು ತಳಹದಿಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ ಹಸ್ತಚಿಕಿತ್ಸೆಯ ಕೇಂದ್ರಗಳು ಅವರ ಮಾರ್ಗದರ್ಶನದಲ್ಲಿ ತೆರೆದವು, ಅಲ್ಲಿ ಪಳಗಿದ ವೈದ್ಯರು 1946ರಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಯುದ್ಧವು ಕೈಗಳನ್ನು ಕತ್ತರಿಸಿತು, ಕತ್ತರಿಸಿದ ಕೈಗಳು ವಿದ್ಯೆಯನ್ನು ಕಲಿಸಿದವು. ಈ ಕ್ರಮವು ಸಂತೋಷಪಡುವಂಥದ್ದಲ್ಲ. ಬೆರಳಿನ ಮೇಲೆ ಹೇಳಿದ ಕೊಳವೆಯ ಭಾಗವನ್ನು ಬನೆಲ್ ಅವರು ಯಾರೂ ಕಾಲಿಡಬಾರದ ನೆಲವೆಂದೇ ಕರೆದರು. ಅಲ್ಲಿ ಕತ್ತರಿಸಿದ ರಜ್ಜುವನ್ನು ಆಗಲೇ ಹೊಲಿಯಬೇಡಿ, ಚರ್ಮವನ್ನಷ್ಟೇ ಮುಚ್ಚಿ ಎಂಬುದು ಅವರ ಎಚ್ಚರಿಕೆ. ನುರಿಯದವರು ಕೈಯಾಡಿಸುವುದಕ್ಕಿಂತ ಏನೂ ಮಾಡದಿರುವುದೇ ಮೇಲೆಂದು ಒಬ್ಬ ಮಹಾವೈದ್ಯನು ತನ್ನ ವೃತ್ತಿಬಾಂಧವರಿಗೆ ಹೇಳಿದ್ದನ್ನು ನಮ್ಮ ಕಾಲದ ಧೈರ್ಯಶಾಲಿಗಳು ನೆನೆಯಬೇಕು. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವರ್ಡಾನ್, ಅಮೆರಿಕದ ಕ್ಲೈನರ್ಟ್ ಮುಂತಾದವರು ಅಲ್ಲಿಯೂ ಒಡನೆಯೇ ಹೊಲಿಯಬಹುದೆಂದು ತೋರಿಸಿಕೊಟ್ಟರು. ನೆಲ ಅದೇ ಇತ್ತು, ಕಾಲಿಡುವವರ ಶಿಕ್ಷಣ ಬದಲಾಗಿತ್ತು.

ಭಾರತದಲ್ಲಿ ಈ ವಿದ್ಯೆಯ ಕಥೆ ವೆಲ್ಲೂರಿನ ಮೂಲಕ ಹಾದುಹೋಗುತ್ತದೆ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಅವರು ವೈದ್ಯರಾಗುವ ಮುನ್ನ ಇಂಗ್ಲೆಂಡಿನಲ್ಲಿ ಬಡಗಿತನ, ಗಾರೆಕೆಲಸಗಳನ್ನು ಕಲಿತಿದ್ದರು. 1946ರಲ್ಲಿ ವೆಲ್ಲೂರಿಗೆ ಬಂದಾಗ ಕುಷ್ಠರೋಗಿಗಳ ಹಕ್ಕಿಯುಗುರಿನಂತೆ ಮುದುಡಿದ ಕೈಗಳನ್ನು ಕಂಡರು. ಮಾಂಸವೇ ಕೊಳೆತು ಉದುರುತ್ತದೆಂಬ ಲೋಕಾಭಿಪ್ರಾಯವನ್ನು ಅವರು ಪರೀಕ್ಷೆಯಿಲ್ಲದೆ ಒಪ್ಪಲಿಲ್ಲ. ರೋಗವು ನರವನ್ನು ಕೊಲ್ಲುತ್ತದೆ, ನೋವು ತಿಳಿಯದ ಕೈಯನ್ನು ರೋಗಿಯೇ ಅರಿಯದೆ ಸುಟ್ಟುಕೊಳ್ಳುತ್ತಾನೆ, ಕುಯ್ದುಕೊಳ್ಳುತ್ತಾನೆ ಎಂದು ಕಂಡುಕೊಂಡರು. ಮುಂಗೈಯ ಆರೋಗ್ಯವಂತ ಸ್ನಾಯುವೊಂದರ ರಜ್ಜುವನ್ನು ಎರವಲು ಪಡೆದು ಸತ್ತ ಸ್ನಾಯುವಿನ ಕೆಲಸಕ್ಕೆ ಹಚ್ಚುವ ಶಸ್ತ್ರಕ್ರಿಯೆಯನ್ನು ಈ ರೋಗಿಗಳಿಗೆ ಒಗ್ಗಿಸಿದರು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ವೈದ್ಯೆ ಮೇರಿ ವರ್ಗೀಸ್ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಈ ಶಸ್ತ್ರಕ್ರಿಯೆಗಳನ್ನು ಮಾಡಿದರು. ಕೈಗೆ ನಿಂತುಕೊಳ್ಳಬೇಕಾದ ಅಗತ್ಯವಿಲ್ಲ!

ವೆಲ್ಲೂರಿನ ವೃತ್ತಾಂತದಲ್ಲಿ ಜೈನ ವಾಚಕರು ತಡೆದು ನಿಲ್ಲುವಂಥ ಒಂದು ಪ್ರಸಂಗವಿದೆ. ವಾಸಿಯಾದ ರೋಗಿಗಳ ಬೆರಳ ತುದಿಗಳು ರಾತ್ರಿ ಕಳೆಯುವುದರೊಳಗೆ ಕಾಣೆಯಾಗುತ್ತಿದ್ದವು. ಕಾದು ನೋಡಿದಾಗ ತಿಳಿಯಿತು, ಮರಗಟ್ಟಿದ ಬೆರಳುಗಳನ್ನು ಇಲಿಗಳು ಕಡಿಯುತ್ತಿದ್ದವು. ಮಲಗಿದವನಿಗೆ ಎಚ್ಚರವಾಗುತ್ತಿರಲಿಲ್ಲ. ಬ್ರ್ಯಾಂಡ್ ಅವರು ಮನೆಗೆ ಮರಳುವ ರೋಗಿಗಳಿಗೆ ಒಂದೊಂದು ಬೆಕ್ಕನ್ನು ಕೊಟ್ಟು ಕಳುಹಿಸುವ ಏರ್ಪಾಟು ಮಾಡಿದರು. ಬೆರಳಿನ ಪಾಲಿಗೆ ದಯೆ. ಇಲಿಯ ಪಾಲಿಗೆ ಏನೆಂದು ಆ ಆಸ್ಪತ್ರೆಯಲ್ಲಿ ಯಾರೂ ಕೇಳಿದಂತಿಲ್ಲ. ಕೇಳಬೇಕಿತ್ತೇ ಎಂಬುದೂ ಸುಲಭವಾದ ಪ್ರಶ್ನೆಯಲ್ಲ.

ಇಂದು ನಮ್ಮಲ್ಲಿ ಹಸ್ತ ಶಸ್ತ್ರವೈದ್ಯನಾಗುವ ದಾರಿ ದೀರ್ಘವಾದುದು. ಎಂ.ಬಿ.ಬಿ.ಎಸ್.ಗೆ ನಾಲ್ಕೂವರೆ ವರ್ಷ ಮತ್ತು ಒಂದು ವರ್ಷದ ಇಂಟರ್ನ್‌ಶಿಪ್, ಅನಂತರ ಎಂ.ಎಸ್.ಗೆ 3 ವರ್ಷ. ಆಮೇಲೆ ಎರಡು ವರ್ಷಗಳ ರಾಷ್ಟ್ರೀಯ ಮಂಡಳಿಯ ಫೆಲೋಶಿಪ್, ಇಲ್ಲವೆ ಮೂರು ವರ್ಷಗಳ ಎಂ.ಸಿಎಚ್. ಚೆನ್ನೈನ ಸ್ಟಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ ಆರ್. ವೆಂಕಟಸ್ವಾಮಿಯವರು 1970ರ ದಶಕದಲ್ಲಿ ಕಟ್ಟಿ ಬೆಳೆಸಿದ ಹಸ್ತವಿಭಾಗವು ಇಂಥ ಪದವಿಯನ್ನು ನೀಡುವ ಹೆಸರಾಂತ ಸ್ಥಳ. ಸ್ವೀಡನ್ನಿನಲ್ಲಿ ಹಸ್ತಚಿಕಿತ್ಸೆಯೇ ಒಂದು ಸ್ವತಂತ್ರ ವಿಭಾಗ. ಅಮೆರಿಕದಲ್ಲಿ ಮೂಲವಿಭಾಗದ ತರಬೇತಿಯ ಮೇಲೆ ಇನ್ನೊಂದು ವರ್ಷ ಕಲಿತು, ಪ್ರತ್ಯೇಕ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ಅರ್ಹತಾಪತ್ರ ಪಡೆಯುತ್ತಾರೆ. ಆದರೆ ಈ ವಿಶೇಷ ಪದವಿಯಿಲ್ಲದ ಶಸ್ತ್ರವೈದ್ಯನು ಕೈಯನ್ನು ಮುಟ್ಟಬಾರದೆಂಬ ಕಟ್ಟಳೆ ನಮ್ಮ ದೇಶದಲ್ಲಿಲ್ಲ. ಮುಟ್ಟಬಲ್ಲವರನ್ನೂ ಮುಟ್ಟಬಾರದವರನ್ನೂ ರೋಗಿಯ ಮನೆಯವರೇ, ಅದೂ ರಕ್ತ ಸುರಿಯುತ್ತಿರುವ ಹೊತ್ತಿನಲ್ಲಿ, ಬೇರ್ಪಡಿಸಿಕೊಳ್ಳಬೇಕು. ಔಷಧದಾನಕ್ಕೆಂದು ಚಿಕಿತ್ಸಾ ಶಿಬಿರಗಳನ್ನು ನಡೆಸುವ ನಮ್ಮ ಟ್ರಸ್ಟುಗಳು ಮಂಡಿ, ಕಣ್ಣುಗಳ ತಜ್ಞರನ್ನು ಕರೆಸುತ್ತವೆ. ದುಡಿದುಣ್ಣುವವನ ಕೈಗೆಂದು ತಜ್ಞನನ್ನು ಕರೆಸುವುದು ಅಪರೂಪ.

ಚಿಕ್ಕೋಡಿಯ ಆ ಯುವಕನು ಸೇರಿದ್ದು ಎರಡು ವರ್ಷಗಳ ಫೆಲೋಶಿಪ್‌ಗೆ. ಮೊದಲ ತಿಂಗಳುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಕಳೆಯಬೇಕಿತ್ತು. ಬೆರಳಿನ ರಕ್ತನಾಳದ ಅಡ್ಡಳತೆ ಸುಮಾರು 1 ಮಿಲಿಮೀಟರ್, ತುದಿಯ ಕಡೆಗೆ ಇನ್ನೂ ಕಿರಿದು. ಅದನ್ನು ಹೊಲಿಯುವ ದಾರವು ಮನುಷ್ಯನ ಕೂದಲಿಗಿಂತ ಸಪೂರ, ಬರಿಗಣ್ಣಿಗೆ ಕಂಡೂ ಕಾಣದಂಥದು. ಒಂದು ನಾಳಕ್ಕೆ ಎಂಟರಷ್ಟು ಹೊಲಿಗೆಗಳು. ಒಂದು ಹೊಲಿಗೆಯು ಅಪ್ಪಿತಪ್ಪಿ ಎದುರಿನ ಗೋಡೆಯನ್ನೂ ಕಚ್ಚಿಕೊಂಡಿತೆಂದರೆ ನಾಳವು ಮುಚ್ಚಿಹೋಯಿತು, ಬೆರಳು ಹೋಯಿತು. 1963ರಲ್ಲಿ ಶಾಂಘೈಯ ಚೆನ್ ಝೋಂಗ್‌ವೇ ಅವರು ಕಾರ್ಮಿಕನೊಬ್ಬನ ತುಂಡಾದ ಕೈಯನ್ನು ಮರಳಿ ಜೋಡಿಸಿದರು. 1965ರಲ್ಲಿ ಜಪಾನಿನ ಕೊಮಾತ್ಸು ಮತ್ತು ತಮಾಯಿ ಅವರು ಪೂರ್ತಿ ಬೇರ್ಪಟ್ಟ ಹೆಬ್ಬೆರಳನ್ನು ಜೋಡಿಸಿದರು. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಹ್ಯಾರಿ ಬಂಕಿ ಅವರು ತಮ್ಮ ಮನೆಯ ಗ್ಯಾರೇಜಿನಲ್ಲಿಯೇ ಪ್ರಯೋಗಶಾಲೆ ಮಾಡಿಕೊಂಡು ಮೊಲಗಳ ಕಿವಿಯನ್ನು ಕತ್ತರಿಸಿ ಮರಳಿ ಜೋಡಿಸುತ್ತ ಈ ವಿದ್ಯೆಯನ್ನು ಸಾಧಿಸಿದರು. ಇಂದು ಬೆರಳು ಉಳಿಸಿಕೊಂಡ ಪ್ರತಿಯೊಬ್ಬನೂ ಆ ಮೊಲಗಳಿಗೆ ಋಣಿ. ಅವನಿಗೆ ಅದು ತಿಳಿದಿರುವುದಿಲ್ಲ, ಅಷ್ಟೆ.

ಮೊದಲ ವಾರ ಸಿಲಿಕೋನಿನ ಕೊಳವೆಗಳ ಮೇಲೆ ಅಭ್ಯಾಸ ನಡೆಯಿತು. ಎರಡನೆಯ ವಾರ ಅಂಗಡಿಯಿಂದ ತಂದ ಕೋಳಿಯ ತೊಡೆ. ಈರುಳ್ಳಿಯನ್ನೂ ತಿನ್ನದ ಮನೆಯಿಂದ ಬಂದ ಯುವಕನು ಅದನ್ನು ಮುಟ್ಟುವಾಗಲೇ ಅಳುಕಿದನು. ಮೂರನೆಯ ವಾರ ಜೀವಂತ ಇಲಿ. ಇಲಿಯ ತೊಡೆಯ ರಕ್ತನಾಳವು ಮನುಷ್ಯನ ಬೆರಳಿನ ನಾಳದಷ್ಟೇ ಕಿರಿದು. ಅರಿವಳಿಕೆ ಕೊಟ್ಟು, ನಾಳವನ್ನು ಕತ್ತರಿಸಿ, ಹೊಲಿದು, ರಕ್ತ ಹರಿಯುವುದೇ ಎಂದು ನೋಡಿ, ಕೊನೆಗೆ ಎಚ್ಚರಗೊಳ್ಳುವ ಮುನ್ನವೇ ಅದನ್ನು ಕೊಲ್ಲಬೇಕು. ಲೋಕದ ಅನೇಕ ತರಬೇತಿ ಕೇಂದ್ರಗಳಲ್ಲಿ ನಡೆದುಬಂದ ಕ್ರಮವಿದು.

ಆತನು ಗುರುಗಳ ಬಳಿಗೆ ಹೋಗಿ, ತನಗೆ ಇದು ಸಾಧ್ಯವಿಲ್ಲವೆಂದನು. ಗುರುಗಳು ಕೋಪಿಸಿಕೊಳ್ಳಲಿಲ್ಲ. ಪ್ರತಿಯೊಬ್ಬ ಶಸ್ತ್ರವೈದ್ಯನ ಮೊದಲ ನಾಳ ಮುಚ್ಚಿಹೋಗಿಯೇ ಹೋಗುತ್ತದೆ, ಆ ಮೊದಲ ತಪ್ಪು ಯಾರ ದೇಹದಲ್ಲಾಗಬೇಕೆಂದು ನಿಶ್ಚಯಿಸಿ ಬಾ ಎಂದರು. ಸತ್ತ ನಾಳವು ಹಿಡಿದ ಹಾಗೆ ಇರುತ್ತದೆ, ಜೀವಂತ ನಾಳವು ಮುಟ್ಟಿದರೆ ಸಂಕುಚಿಸುತ್ತದೆ, ಅದರೊಳಗೆ ರಕ್ತ ಹೆಪ್ಪುಗಟ್ಟುತ್ತದೆ, ಇದನ್ನು ಸಿಲಿಕೋನ್ ಕಲಿಸಲಾರದು ಎಂಬುದು ಅವರ ವಾದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಶಾಸ್ತ್ರವನ್ನು ಅಲ್ಪಸ್ವಲ್ಪ ಓದಿದ್ದ ಯುವಕನಿಗೆ ಉತ್ತರವು ಗ್ರಂಥದಲ್ಲಿ ಸಿದ್ಧವಾಗಿ ಸಿಗಲಿಲ್ಲ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಆದಷ್ಟು ತಗ್ಗಿಸಬೇಕು. ಇಲಿಯ ವಧೆ ಯಾವುದರಲ್ಲಿ ಸೇರುತ್ತದೆ? ವೃತ್ತಿಗಾಗಿ ಎಂದರೆ ಉದ್ಯೋಗೀ, ಆದರೆ ಈ ಪಂಚೇಂದ್ರಿಯ ಜೀವವನ್ನು ಇಂದು ಕೊಲ್ಲುವೆನೆಂದು ತಿಳಿದೇ ಕೈಗೆತ್ತಿಕೊಳ್ಳುವುದು ಸಂಕಲ್ಪವಲ್ಲದೆ ಮತ್ತೇನು? ಹಾಗೆಯೇ, ಪ್ರಮಾದದಿಂದ ಪ್ರಾಣಕ್ಕೆ ಘಾತವಾಗುವುದೇ ಹಿಂಸೆಯೆಂದು ಆಚಾರ್ಯರು ಹೇಳಿದ್ದಾರೆ. ಸಾಲದ ಅಭ್ಯಾಸದೊಡನೆ ರೋಗಿಯ ಕೈಗೆ ಕತ್ತಿ ಹಚ್ಚುವುದು ಪ್ರಮಾದವಲ್ಲವೇ? ಇತ್ತ ಕಾನೂನು ಸಹ ಈ ವಿಷಯದಲ್ಲಿ ಮೌನವಾಗಿಲ್ಲವೆಂಬುದು ಆತನಿಗೆ ಆಮೇಲೆ ತಿಳಿಯಿತು. 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯ 17ನೆಯ ಕಲಮು, ಕೇವಲ ಕೈಚಳಕವನ್ನು ಗಳಿಸುವುದಕ್ಕಾಗಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವುದನ್ನು ಆದಷ್ಟು ತಪ್ಪಿಸಬೇಕೆನ್ನುತ್ತದೆ. 'ಆದಷ್ಟು' ಎಂಬ ಮಾತಿನಲ್ಲಿ ಕಾಯ್ದೆಯೂ ಶ್ರಾವಕಾಚಾರವೂ ಒಂದೇ ಜಗುಲಿಯ ಮೇಲೆ ಬಂದು ಕುಳಿತಂತಿದೆ.

ಊರಿಗೆ ಹೋದಾಗ ಅಜ್ಜಿಯನ್ನು ಕೇಳಿದನು. ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟದ ವ್ರತಿ ಆಕೆ, ಕೈ ಕಳೆದುಕೊಂಡವರ ತಾಯಿಯೂ ಹೌದು. ಬಹಳ ಹೊತ್ತು ಸುಮ್ಮನಿದ್ದು ಆಕೆ ಹೇಳಿದಳು: "ಇಲಿಗೂ ಜೀವ ಐತಿ ಮಗಾ, ಹೌದು. ಆದ್ರ ಅವತ್ತ ರಾತ್ರಿ ನಿನ್ನ ಮಾವನ ಕೈ ಉಳಸಾಕ ಒಂದ ಇಲಿ ಕೊಡ ಅಂದಿದ್ರ ನಾ ಏನ್ ಮಾಡತಿದ್ದೆ, ನನಗ ಗೊತ್ತಿಲ್ಲ. ಗೊತ್ತಿಲ್ಲದ ಮಾತ ನಿನಗ್ಹೆಂಗ ಹೇಳ್ಲಿ?" ವ್ರತಧಾರಿಯ ಬಾಯಿಂದ ಇಷ್ಟು ನಿಷ್ಕಪಟವಾದ ಮಾತು ಬರುವುದೆಂದು ಮೊಮ್ಮಗನು ಎಣಿಸಿರಲಿಲ್ಲ. ಮರುದಿನ ಆಕೆ ತಾನಾಗಿಯೇ ಕೇಳಿದಳು, ಸತ್ತದ್ದರೊಳಗೆ, ಬಿದ್ದದ್ದರೊಳಗೆ ಎಲ್ಲಿಯೂ ಅಂಥ ಸಣ್ಣ ನಾಳ ಸಿಗುವುದಿಲ್ಲವೇ ಎಂದು. ಊರಿನಲ್ಲಿ ಎಷ್ಟೋ ಹೆರಿಗೆಗಳಿಗೆ ನಿಂತಿದ್ದವಳಾಕೆ. ಮಾಸಿನ ಮೇಲೆ ಹರಡಿದ ನಾಳಗಳ ಜಾಲವನ್ನು ಬಲ್ಲವಳು.

ಮಾಸಿನ ಮೇಲೆ ಅಭ್ಯಾಸ ಮಾಡುವುದು ವೈದ್ಯಲೋಕಕ್ಕೆ ಹೊಸದಲ್ಲ. ಆ ವಿಭಾಗದಲ್ಲಿ ರೂಢಿಯಿರಲಿಲ್ಲ, ಅಷ್ಟೆ. ಹೆರಿಗೆ ವಿಭಾಗದಲ್ಲಿ ತಾಯಂದಿರ ಒಪ್ಪಿಗೆ ಪಡೆದು, ಸೋಂಕಿಲ್ಲವೆಂದು ಖಚಿತಪಡಿಸಿಕೊಂಡ ಮಾಸುಗಳನ್ನು ತರಿಸಿ, ಬಣ್ಣದ ನೀರನ್ನು ಪಂಪಿನಿಂದ ಹಾಯಿಸುತ್ತ ಹೊಲಿಯಬೇಕು. ಎಲೆಕೋಸಿನ ಬೇರಿನಂತೆ ಕವಲೊಡೆದ ಆ ನಾಳಗಳಲ್ಲಿ ಎಲ್ಲ ಗಾತ್ರಗಳೂ ಸಿಗುತ್ತವೆ. ಒಪ್ಪಿಗೆ ಕೇಳಲು ಹೋದಾಗ ಕೆಲವು ತಾಯಂದಿರು ನಕ್ಕರು, ಒಬ್ಬಾಕೆ ಮಾತ್ರ ಮಣ್ಣಲ್ಲಿ ಹೂಳಬೇಕೆಂದು ನಿರಾಕರಿಸಿದಳು. ಗುರುಗಳು ಒಂದು ಷರತ್ತನ್ನು ಹಾಕಿದರು. ಜೊತೆಯವರು ಆರು ತಿಂಗಳಲ್ಲಿ ಪಡೆಯುವ ಅವಕಾಶವನ್ನು ಆತನಿಗೆ ತಮಗೆ ತೃಪ್ತಿಯಾಗುವವರೆಗೆ ಕೊಡುವುದಿಲ್ಲ. ಅಲ್ಲಿಯವರೆಗೆ ಸಹಾಯಕನಾಗಿ ನಿಂತು ಜೀವಂತ ನಾಳದ ನಡತೆಯನ್ನು ಕಣ್ಣಿನಿಂದಲೇ ಕಲಿಯಬೇಕು. ಆತ ಹದಿನಾಲ್ಕು ತಿಂಗಳು ಕಾದನು. ಜೊತೆಯವನೊಬ್ಬನು ಹಾಸ್ಯಕ್ಕೆ, "ನಾವು ಕೊಂದ ಇಲಿಗಳ ಪುಣ್ಯದಿಂದ ನೀನು ನೋಡಿ ಕಲಿಯುತ್ತಿದ್ದೀಯೆ" ಎಂದನು. ಆ ಮಾತು ಹಾಸ್ಯವಾಗಿ ಉಳಿಯಲಿಲ್ಲ. ತಾನು ಕೊಲ್ಲದಿರುವುದಕ್ಕೂ ಬೇರೆಯವರು ಕೊಂದದ್ದರ ಫಲವನ್ನು ಉಣ್ಣುವುದಕ್ಕೂ ನಡುವೆ ಎಷ್ಟು ಅಂತರವಿದೆಯೆಂದು ಆತನು ಹಲವು ರಾತ್ರಿ ಅಳೆದು ನೋಡಿದನು.

ಹದಿನೈದನೆಯ ತಿಂಗಳಿನಲ್ಲಿ, ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಎರಡು ಬೆರಳುಗಳನ್ನು ಕಳೆದುಕೊಂಡ ಹೆಂಗಸೊಬ್ಬಳನ್ನು ಐದು ಗಂಟೆಗಳ ಪ್ರಯಾಣ ಮಾಡಿಸಿ ತಂದರು. ತೋರುಬೆರಳನ್ನು ಯಾರೋ ತಿಳಿದವರು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲೆ ಇಟ್ಟಿದ್ದರು. ಮೇವಿನ ರಾಶಿಯಲ್ಲಿ ತಡವಾಗಿ ಸಿಕ್ಕ ನಡುಬೆರಳನ್ನು ಅವಸರದಲ್ಲಿ ನೇರವಾಗಿ ಮಂಜುಗಡ್ಡೆಯ ನಡುವೆ ಹಾಕಿದ್ದರು. ತೋರುಬೆರಳನ್ನು ಗುರುಗಳು ಜೋಡಿಸಿದರು. ನಡುಬೆರಳಿನ ನಾಳಗಳನ್ನು ಯುವಕನು, ಗುರುಗಳು ಎದುರಿನ ಕಣ್ಣುಗೊಳವೆಯಲ್ಲಿ ನೋಡುತ್ತಿರುವಂತೆ, ಹೊಲಿದನು. ಬಿಗಿಪಟ್ಟಿ ಸಡಿಲಿಸಿದಾಗ ಎರಡೂ ಬೆರಳುಗಳು ಕೆಂಪಾದವು. ನಾಲ್ಕನೆಯ ದಿನ ನಡುಬೆರಳು ಕಪ್ಪಿಟ್ಟಿತು.

ಮಂಜುಗಡ್ಡೆಯು ನೇರವಾಗಿ ತಾಗಿದ ಅಂಗದ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ, ಅಂಥದ್ದು ಉಳಿಯುವುದು ವಿರಳ ಎಂದು ಗುರುಗಳು ಹೇಳಿದರು. ಇಪ್ಪತ್ತು ವರ್ಷ ಪಳಗಿದ ಕೈ ಹೊಲಿದ ಬೆರಳೂ ಹೀಗಾಗುತ್ತದೆ ಎಂದರು. ಆತನ ಹೊಲಿಗೆಯಲ್ಲಿ ತಪ್ಪು ಕಾಣಲಿಲ್ಲವೆಂದೂ ಹೇಳಿದರು. ಯುವಕನು ಕೇಳಬೇಕೆಂದಿದ್ದ ಪ್ರಶ್ನೆ ಬೇರೆಯಿತ್ತು, ಅದನ್ನು ಕೇಳಲಿಲ್ಲ. ಗುರುಗಳೂ ಇಲಿಯ ಮಾತನ್ನು ಎತ್ತಲಿಲ್ಲ. ಆ ಹೆಂಗಸು ಮನೆಗೆ ಹೊರಡುವ ದಿನ ಉಳಿದ ಬೆರಳನ್ನು ಮಡಿಸಿ ತೋರಿಸಿ, ಹಾಲು ಕರೆಯಬಹುದೇ ಎಂದು ವಿಚಾರಿಸಿದಳು.

ಮರುವರ್ಷದ ಮಹಾವೀರ ಜಯಂತಿಗೆ ಊರಿನ ಬಸದಿಯ ಟ್ರಸ್ಟಿನವರು ಆತನಿಗೆ ಶಾಲು ಹೊದಿಸಿ ಎರಡು ಮಾತು ಆಡಿರೆಂದರು. ಆತನು ಅಹಿಂಸೆಯ ವಿಷಯವೆತ್ತಲಿಲ್ಲ. ಒಂದು ಪ್ಲಾಸ್ಟಿಕ್ ಚೀಲ, ಒಂದು ಒದ್ದೆ ಕರವಸ್ತ್ರ, ಐಸ್‌ಕ್ರೀಮ್ ಡಬ್ಬಿಯಲ್ಲಿ ಮಂಜುಗಡ್ಡೆ ತಂದಿದ್ದನು. ತುಂಡಾದ ಬೆರಳನ್ನು ನೀರಿನಲ್ಲಿ ನೆನೆಯಿಡಬಾರದು, ಮಂಜುಗಡ್ಡೆಗೆ ತಾಗಿಸಬಾರದು, ಒದ್ದೆ ಬಟ್ಟೆ, ಚೀಲ, ಆಮೇಲೆ ಮಂಜುಗಡ್ಡೆ ಎಂದು ಮೂರು ಸಲ ಮಾಡಿ ತೋರಿಸಿದನು. ಹೀಗೆ ತಂಪಾಗಿಟ್ಟ ಬೆರಳು ಹಲವು ಗಂಟೆ ತಾಳುತ್ತದೆ, ಮುಂಗೈಯಿಂದ ತುಂಡಾದುದಾದರೆ ಸ್ನಾಯುಗಳು ಹೆಚ್ಚಿರುವುದರಿಂದ ಅಷ್ಟು ಕಾಲ ತಾಳದು ಎಂದನು. ಗಾಣದಲ್ಲಿ ಅರೆದುಹೋದ ಬೆರಳನ್ನು ಮಾತ್ರ ಯಾರಿಂದಲೂ ಜೋಡಿಸಲಾಗದೆಂದು ಹೇಳುವಾಗ ಆತನ ಕಣ್ಣು ಮುಂದಿನ ಸಾಲಿನತ್ತ ಹೋಯಿತು.

ಸಭೆ ಚದುರಿದ ಮೇಲೆ ಆಲೆಮನೆಯ ಮಾಲೀಕರೊಬ್ಬರು ಹತ್ತಿರ ಬಂದು, "ಡಾಕ್ಟರ, ಗಾಣದ ಬಾಯಿಗೆ ಜಾಲರಿ ಕೂಡಿಸಿ, ಕೈ ಸಿಕ್ಕ ಕೂಡ್ಲೆ ನಿಲ್ಲೋ ಹಂಗ ಮಾಡಿಸಬಹುದೇನ್ರಿ?" ಎಂದು ಕೇಳಿದರು. ಅದು ವೈದ್ಯನಿಗೆ ತಿಳಿದ ವಿಷಯವಾಗಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಸೋದರಮಾವನವರು ಶಾಲನ್ನು ಎಡಗೈಗೆ ಬದಲಿಸಿಕೊಂಡು, ನಿಪ್ಪಾಣಿಯಲ್ಲಿ ಅಂಥ ಕೆಲಸ ಮಾಡುವ ಒಬ್ಬ ಕಮ್ಮಾರನಿದ್ದಾನೆಂದೂ ನಾಳೆಯೇ ಕರೆದುಕೊಂಡು ಹೋಗುವೆನೆಂದೂ ಹೇಳಿದರು.